ಅಡ್ಡ ಕತ್ತಿಗಳ ತುದಿ ಕೆಳಗಿದ್ದರೆ ಸೋಲು ಅಂತಾನಾ?

ಕೈಕತ್ತಿ ಕೇಳಿದ್ದು:

ನಾವು ಹದಿನಾಲ್ಕು ಜನ ಸೇರಿ ಫೆನ್ಸಿಂಗ್ ಆಡುತ್ತೇವೆ. ಗುಂಪಿಗೊಂದು ಬಟ್ಟೆಯ ಬಿಲ್ಲೆ ಬೇಕು ಅಂತ ಮಾತಾಯಿತು. ನನಗೆ ಚಿತ್ರ ಬಿಡಿಸಲು ಬರುತ್ತದೆ ಎಂದು ಯಾವಾಗಲೋ ಬಾಯಿ ಬಿಟ್ಟಿದ್ದೆ, ಕೆಲಸ ನನ್ನ ತಲೆಗೇ ಬಂತು.

ಎರಡು ಫಾಯಿಲ್ ಕತ್ತಿಗಳನ್ನು ಗುಣಾಕಾರದ ಗುರುತಿನ ಹಾಗೆ ಅಡ್ಡಡ್ಡ ಇಟ್ಟೆ. ತುದಿ ಕೆಳಗೆ, ಹಿಡಿ ಮೇಲೆ. ಇದರಲ್ಲಿ ದೊಡ್ಡ ಯೋಚನೆ ಏನೂ ಇರಲಿಲ್ಲ. ಫಾಯಿಲ್‌ನ ಹಿಡಿ ಹತ್ತಿರ ದುಂಡಗಿನ ತಟ್ಟೆ ಇರುತ್ತದಲ್ಲ, ಅವೆರಡೂ ಮೇಲಿದ್ದರೆ ಗುಂಪಿನ ಹೆಸರು ಅವುಗಳ ನಡುವೆ ಚೆನ್ನಾಗಿ ಕೂರುತ್ತಿತ್ತು. ಅಷ್ಟೇ.

ನಲವತ್ತು ಬಿಲ್ಲೆ ಹೊಲಿದು ಬಂದ ಮೇಲೆ ಶುರುವಾಯಿತು ನೋಡಿ. ಒಬ್ಬ ಹೇಳಿದ, "ತುದಿ ಕೆಳಗೆ ಅಂದ್ರೆ ಶರಣಾಗತಿ, ನಾವು ಆಡೋ ಮುಂಚೆನೇ ಸೋತಂಗೆ." ಇನ್ನೊಬ್ಬಳು ಅದು ಸಾವಿನ ಗುರುತು ಅಂದಳು. ಮೂರನೆಯವನು ಫೋನಿನಲ್ಲಿ ಒಂದು ಪಟ್ಟಿ ತೆಗೆದು ತೋರಿಸಿದ: ಮೇಲೆ ಅಂದ್ರೆ ಯುದ್ಧ, ಕೆಳಗೆ ಅಂದ್ರೆ ಶಾಂತಿ, ಅಡ್ಡ ಮಲಗಿಸಿದರೆ ಸಂಧಿ. ಮೂರು ಜನ, ಮೂರು ಅರ್ಥ. ಈಗ ನಲವತ್ತು ಬಿಲ್ಲೆ ಡಬ್ಬಿಯಲ್ಲಿ ಕೂತಿವೆ.

ಇದಕ್ಕೆ ನಿಜವಾಗಿ ಏನಾದರೂ ನಿಯಮ ಇದೆಯಾ? ಅಥವಾ ಬಿಲ್ಲೆಯನ್ನು ತಲೆಕೆಳಗು ಹೊಲಿದುಕೊಂಡು ಬಿಡೋಣವಾ? (ಹೆಸರೂ ತಲೆಕೆಳಗಾಗುತ್ತದೆ ಅನ್ನೋದು ಗೊತ್ತು, ಸುಮ್ನೆ ಹೇಳಿದೆ.)

ಹಳೇ ನಕ್ಷೆ ಬರೆದದ್ದು:

ಡಬ್ಬಿ ಹಾಗೇ ಇರಲಿ, ಏನನ್ನೂ ಬಿಚ್ಚಬೇಡಿ.

ನಾನು ಇಪ್ಪತ್ತೆಂಟು ವರ್ಷ ನಕ್ಷೆ ಬಿಡಿಸಿದವನು. ಗುರುತುಗಳ ಜೊತೆಗೇ ಬದುಕಿದ್ದೇನೆ, ಅವುಗಳಿಂದ ಬೈಗುಳವನ್ನೂ ತಿಂದಿದ್ದೇನೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ.

ನಿಮ್ಮ ಗೆಳೆಯ ತೋರಿಸಿದಂಥ ಪಟ್ಟಿ ಇಂಟರ್ನೆಟ್ ತುಂಬಾ ಇದೆ. ಯಾವ ದೇಶದ, ಯಾವ ಕಾಲದ ಲಾಂಛನ ನೋಡಿ ಅದನ್ನು ಬರೆದರು ಅನ್ನೋದು ಮಾತ್ರ ಎಲ್ಲೂ ಇರುವುದಿಲ್ಲ. ಯುರೋಪಿನವರು ಲಾಂಛನಕ್ಕೆ ಅಂತಲೇ ಹೆರಾಲ್ಡ್ರಿ ಎಂಬ ದೊಡ್ಡ ಶಾಸ್ತ್ರ ಕಟ್ಟಿಕೊಂಡಿದ್ದಾರೆ. ಎರಡು ವಸ್ತುಗಳನ್ನು ಹೀಗೆ ಅಡ್ಡಡ್ಡ ಇಡುವುದಕ್ಕೆ ಅಲ್ಲಿ ‘ಇನ್ ಸಾಲ್ಟಯರ್’ ಅನ್ನುತ್ತಾರೆ. ಲಾಂಛನವನ್ನು ಮಾತಿನಲ್ಲಿ ವರ್ಣಿಸುವಾಗ ತುದಿ ಮೇಲೋ ಕೆಳಗೋ ಅಂತಲೂ ಬರೆಯುತ್ತಾರೆ. ಅದು ಚಿತ್ರ ಬಿಡಿಸುವವನು ತಪ್ಪಬಾರದು ಅಂತ. ಮೇಲಿದ್ದರೆ ಇಂಥ ಅರ್ಥ, ಕೆಳಗಿದ್ದರೆ ಇಂಥ ಅರ್ಥ ಅಂತ ಎಲ್ಲರೂ ಒಪ್ಪಿದ ಕಟ್ಟಳೆ ಇಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಲಂಡನ್ ಬಿಷಪ್ ಪ್ರಾಂತ್ಯದ ಲಾಂಛನ ನೋಡಿ. ಕೆಂಪು ನೆಲದ ಮೇಲೆ ಎರಡು ಬೆಳ್ಳಿ ಕತ್ತಿ, ಚಿನ್ನದ ಹಿಡಿ, ತುದಿ ಮೇಲೆ. ನಿಮ್ಮ ಪಟ್ಟಿಯ ಪ್ರಕಾರ ಪಾದ್ರಿಗಳು ಯುದ್ಧಕ್ಕೆ ಹೊರಟಿರಬೇಕು! ಅಲ್ಲಿ ಕತ್ತಿ ಬಂದದ್ದು ಸಂತ ಪೌಲನಿಂದ. ಅವನ ತಲೆಯನ್ನು ಕತ್ತಿಯಿಂದ ಕಡಿದರು ಎಂಬುದು ಕ್ರೈಸ್ತರ ನಂಬಿಕೆ. ಅವನನ್ನು ಕೊಂದ ಆಯುಧವೇ ಅವನ ಗುರುತಾಯಿತು. ಹಾಗಾಗಿ ಅದು ಯಾರ ಕತ್ತಿ, ಯಾಕೆ ಅಲ್ಲಿಗೆ ಬಂತು ಅಂತ ಕೇಳದೆ ತುದಿ ನೋಡಿ ಶಾಸ್ತ್ರ ಹೇಳಲು ಆಗುವುದಿಲ್ಲ.

ಮತ್ತೆ ಯಾಕೆ ಅಡ್ಡಡ್ಡ ಇಡುತ್ತಾರೆ ಅಂದ್ರೆ, ಮುಕ್ಕಾಲು ಪಾಲು ಜಾಗದ ಲೆಕ್ಕಾಚಾರ. ಕತ್ತಿ ಉದ್ದ, ಲಾಂಛನ ಬಿಡಿಸುವ ಗುರಾಣಿ ಅಗಲ. ಒಂದೇ ಕತ್ತಿಯನ್ನು ನೆಟ್ಟಗೆ ನಿಲ್ಲಿಸಿದರೆ ಎರಡೂ ಬದಿ ಖಾಲಿ ಹೊಡೆಯುತ್ತದೆ. ಎರಡನ್ನು ಅಡ್ಡ ಇಟ್ಟರೆ ನಾಲ್ಕು ಮೂಲೆ ತುಂಬಿತು, ಕಣ್ಣು ನಡುವಿಗೆ ಬಂತು. ಗುರಾಣಿಯ ಹಿಂದೆ ಆಯುಧಗಳನ್ನು ಸಿಕ್ಕಿಸಿ ಗೋಡೆಗೆ ನೇತುಹಾಕಿದರೂ ಇದೇ ಆಕಾರ ಬರುತ್ತದೆ. ಆಯುಧ ನೇತುಹಾಕುವುದೂ ಹಳೆಯ ಚಾಳಿಯೇ. ಗ್ರೀಕರು ಶತ್ರು ಬೆನ್ನು ತಿರುಗಿಸಿ ಓಡಿದ ಜಾಗದಲ್ಲೇ ಕಂಬ ನಿಲ್ಲಿಸಿ, ಸಿಕ್ಕ ಆಯುಧಗಳನ್ನು ಅದಕ್ಕೆ ತೂಗುಹಾಕುತ್ತಿದ್ದರು. ‘ತಿರುಗು’ ಅನ್ನುವ ಅರ್ಥದ ಅವರ ಮಾತಿನಿಂದಲೇ ಇವತ್ತಿನ ಟ್ರೋಫಿ ಎಂಬ ಪದ ಬಂದದ್ದು. ನಿಮ್ಮ ಗುಂಪು ಒಂದಾದರೂ ಗೆದ್ದಿದೆ ಅಂದುಕೊಳ್ಳುತ್ತೇನೆ.

ಇಷ್ಟು ಹೇಳಿದೆ ಅಂತ ಗುರುತಿಗೆ ಅರ್ಥವೇ ಇಲ್ಲ ಅನ್ನಬೇಡಿ. ಒಂದು ವ್ಯವಸ್ಥೆ ಕೂತು ನಿಯಮ ಮಾಡಿಕೊಂಡಿದ್ದರೆ ಅಲ್ಲಿ ತುದಿ ಮೇಲೋ ಕೆಳಗೋ ಅನ್ನೋದು ಜೀವನ್ಮರಣದ ಮಾತು. ಇದನ್ನು ನಾನು ಕಲಿತದ್ದು ಹೀಗೆ.

ನಕ್ಷೆಯಲ್ಲಿ ಗಣಿಗೆ ಎರಡು ಸುತ್ತಿಗೆಗಳನ್ನು ಅಡ್ಡಡ್ಡ ಇಟ್ಟ ಗುರುತು ಹಾಕುವುದುಂಟು. ಜರ್ಮನ್ ಗಣಿಗಾರರಿಂದ ಬಂದದ್ದು. ಹತ್ತಿರದಿಂದ ನೋಡಿದರೆ ಎರಡೂ ಸುತ್ತಿಗೆಯಲ್ಲ. ಒಂದರ ಎರಡೂ ತುದಿ ಮೊಂಡು, ಅದು ಸುತ್ತಿಗೆ. ಇನ್ನೊಂದರ ಒಂದು ತುದಿ ಚೂಪು, ಅದು ಹಿಡಿ ಹಾಕಿದ ಉಳಿ. ಎಡಗೈಯಲ್ಲಿ ಆ ಉಳಿಯನ್ನು ಬಂಡೆಗೆ ಒತ್ತಿ ಹಿಡಿದು, ಬಲಗೈಯ ಸುತ್ತಿಗೆಯಿಂದ ಅದರ ಮೊಂಡು ತಲೆಗೆ ಹೊಡೆಯಬೇಕು. ಕೆಲಸದ ಜೋಡಿ ಅದು, ಹಾಗಾಗಿ ಜೋಡಿಯಾಗಿಯೇ ಗುರುತಾಯಿತು. ಹಿಡಿ ಕೆಳಗೆ, ತಲೆ ಮೇಲೆ ಇದ್ದರೆ ಗಣಿ ನಡೆಯುತ್ತಿದೆ ಅಂತ. ತಲೆಕೆಳಗಾಗಿದ್ದರೆ ಮುಚ್ಚಿದ ಗಣಿ.

ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ. ಆಗ ಗುರುತುಗಳು ಅಂಟು ಹಾಳೆಯಲ್ಲಿ ಬರುತ್ತಿದ್ದವು. ನಕ್ಷೆಯ ಮೇಲಿಟ್ಟು ಪೆನ್ಸಿಲ್ ಹಿಂಬದಿಯಿಂದ ಉಜ್ಜಿದರೆ ಅಚ್ಚು ಇಳಿಯುತ್ತಿತ್ತು. ದೊಡ್ಡ ಹಾಳೆ, ಮೇಲಿನ ಅಂಚು ಕೈಗೆ ಎಟಕುತ್ತಿರಲಿಲ್ಲ. ಹಾಳೆಯನ್ನೇ ತಿರುಗಿಸಿಕೊಂಡು ಉತ್ತರದ ಕಡೆ ಕೆಲಸ ಮಾಡುತ್ತಿದ್ದೆ. ಕೆರೆ ಹಾಕಿದೆ, ಬಾವಿ ಹಾಕಿದೆ, ಮೂರು ಗಣಿ ಹಾಕಿದೆ. ನನ್ನ ಕಣ್ಣಿಗೆ ಎಲ್ಲ ನೆಟ್ಟಗೇ ಇತ್ತು! ಹಾಳೆ ವಾಪಸ್ ತಿರುಗಿಸಿದ ಮೇಲೂ ಗಮನಿಸಲಿಲ್ಲ. ಆ ಗುರುತು ಇದ್ದದ್ದು ನಾಲ್ಕು ಮಿಲಿಮೀಟರ್. ನಕ್ಷೆ ಅಚ್ಚಾಗಿ ಹೋಯಿತು. ಕೆಲಸ ನಡೆಯುತ್ತಿದ್ದ ಮೂರು ಗಣಿಗಳಿಗೆ ನಾನೊಬ್ಬನೇ ಬೀಗ ಹಾಕಿದ್ದೆ. ಮೇಲಿನವರು ಒಂದು ವಾರ ನನ್ನನ್ನು ‘ಗಣಿ ಮುಚ್ಚಿದವನು’ ಅಂತಲೇ ಕರೆದರು. ತಿದ್ದುಪಡಿ ಚೀಟಿಗಳನ್ನು ಒಂದೊಂದಾಗಿ ಅಂಟಿಸಿದ್ದೂ ನಾನೇ.

ಮಜಾ ಏನು ಗೊತ್ತಾ? ಇದೇ ಜೋಡಿ ಸುತ್ತಿಗೆಗೆ ಜರ್ಮನ್ ರೈಲು ವೇಳಾಪಟ್ಟಿಯಲ್ಲಿ ‘ಕೆಲಸದ ದಿನ’ ಅಂತ ಅರ್ಥ. ಅಲ್ಲಿ ಗಣಿಯ ಸುದ್ದಿಯೇ ಇಲ್ಲ, ಈ ರೈಲು ರಜಾ ದಿನ ಓಡುವುದಿಲ್ಲ ಅಂತ ತಿಳಿದುಕೊಳ್ಳಬೇಕು.

ಸಾವಿನ ಗುರುತು ಅಂದವರ ಮಾತಿಗೂ ಒಂದು ಎಳೆ ಇದೆ. ಸೈನಿಕರ ಅಂತ್ಯಕ್ರಿಯೆಯಲ್ಲಿ ಬಂದೂಕಿನ ನಳಿಕೆಯನ್ನು ನೆಲದ ಕಡೆ ತಿರುಗಿಸಿ ಹಿಡಿಯುತ್ತಾರೆ. ಭಾರತದ ಸೇನೆಯಲ್ಲಿ ಅದರ ಆದೇಶವೇ ‘ಶೋಕ ಶಸ್ತ್ರ’. ಅದನ್ನು ನೋಡಿದವರಿಗೆ ತುದಿ ಕೆಳಗೆ ಅಂದ ಕೂಡಲೇ ದುಃಖ ಅನ್ನಿಸುವುದು ಸಹಜ. ಆದರೆ ಅದು ಕವಾಯತಿನ ನಿಯಮ, ಬಿಲ್ಲೆಯದ್ದಲ್ಲ.

ಹಾಗೆ ನೋಡಿದರೆ ನಿಮ್ಮ ಆಟದಲ್ಲೇ ಉತ್ತರ ಇದೆ. ಪಂದ್ಯಕ್ಕೆ ಮುಂಚೆ ಸಲ್ಯೂಟ್ ಮಾಡುವಾಗ ಹಿಡಿಯನ್ನು ಗಲ್ಲದ ಹತ್ತಿರ ತಂದು ಕತ್ತಿ ಮೇಲೆತ್ತುತ್ತೀರಿ, ಆಮೇಲೆ ತುದಿ ಕೆಳಗಿಳಿಸುತ್ತೀರಿ. ಇಳಿಸುವಾಗ ಯಾರಾದರೂ ಸೋಲುತ್ತಾರಾ?

ವಂಶವೃಕ್ಷ ಬರೆದದ್ದು:

ಸಾವಿನ ಗುರುತು ಅಂದವರು ಪೂರ್ತಿ ತಪ್ಪಲ್ಲ. ನನಗೆ ವಂಶಾವಳಿ ಬರೆಯುವ ಹುಚ್ಚು. ಯುರೋಪಿನ ಕುಟುಂಬ ಪಟ್ಟಿಗಳಲ್ಲಿ ಇಸವಿಯ ಹಿಂದೆ ನಕ್ಷತ್ರ ಇದ್ದರೆ ಹುಟ್ಟು, ಶಿಲುಬೆಯಂಥ ಗುರುತಿದ್ದರೆ ಸಾವು, ಹೆಣೆದ ಎರಡು ಉಂಗುರ ಇದ್ದರೆ ಮದುವೆ. ಅಡ್ಡ ಕತ್ತಿ ಇದ್ದರೆ ಯುದ್ಧದಲ್ಲಿ ಸತ್ತವರು. ಕಂಪ್ಯೂಟರಿನ ಯೂನಿಕೋಡ್ ಪಟ್ಟಿಯಲ್ಲೂ ಅಡ್ಡ ಕತ್ತಿಯ ಚಿಹ್ನೆಗೆ ಸೇನೆ, ರಣರಂಗ, ಕದನದಲ್ಲಿ ಮಡಿದವರು ಅಂತ ವಿವರಣೆ ಇದೆ.

ಒಂದು ಪಟ್ಟಿಯಲ್ಲಿ ನಾಲ್ಕು ಅಣ್ಣತಮ್ಮಂದಿರ ಹೆಸರು ನೋಡಿದೆ. ಮೂವರ ಮುಂದೆ ಕತ್ತಿ. 1914, 1916, 1918. ನಾಲ್ಕನೆಯವನ ಮುಂದೆ ಬರೀ ಶಿಲುಬೆ, 1961. ವಾಕ್ಯ ಒಂದೂ ಇರಲಿಲ್ಲ. ಅವತ್ತು ಅಲ್ಲಿಗೇ ಕಂಪ್ಯೂಟರ್ ಮುಚ್ಚಿಟ್ಟೆ.

ಆದರೆ ಹಳೇ ನಕ್ಷೆಯವರು ಹೇಳಿದ್ದು ಸರಿ. ಅಲ್ಲಿ ಅದು ಇಸವಿಯ ಪಕ್ಕ ಇರುವುದರಿಂದ ಆ ಅರ್ಥ. ನಿಮ್ಮ ಬಿಲ್ಲೆಯಲ್ಲಿ ಗುಂಪು ಶುರುವಾದ ಇಸವಿ ಹಾಕಿದ್ದೀರಾ? ಹಾಕಿದ್ದರೆ ಕತ್ತಿಯಿಂದ ಸ್ವಲ್ಪ ದೂರ ಇಡಿ, ಹ್ಹ ಹ್ಹ.

ಪಿಂಗಾಣಿ ಹುಚ್ಚು ಬರೆದದ್ದು:

ಅಡ್ಡ ಕತ್ತಿ ಅಂದ ಮೇಲೆ ನಾನು ಸುಮ್ನಿರೋಕೆ ಆಗಲ್ಲ. ಜರ್ಮನಿಯ ಮೈಸೆನ್ ಪಿಂಗಾಣಿ ಕಾರ್ಖಾನೆ 1710ರಲ್ಲಿ ಶುರುವಾಯಿತು. 1722ರಿಂದ ಅವರ ಗುರುತು ಎರಡು ನೀಲಿ ಅಡ್ಡ ಕತ್ತಿ. ಟೀ ಬಟ್ಟಲಿಗೂ ಕತ್ತಿಗೂ ಏನು ಸಂಬಂಧ ಅಂತೀರಾ? ಆ ಸೀಮೆ ಆಳುತ್ತಿದ್ದ ಸ್ಯಾಕ್ಸನಿಯ ದೊರೆಗೆ ಪವಿತ್ರ ರೋಮನ್ ಸಾಮ್ರಾಜ್ಯದಲ್ಲಿ ಮಹಾ ದಂಡನಾಯಕನ ಪದವಿ ಇತ್ತು. ಆ ಪದವಿಯ ಲಾಂಛನ ಅಡ್ಡ ಕತ್ತಿ. ಕಾರ್ಖಾನೆ ದೊರೆಯದ್ದು, ಕತ್ತಿಯೂ ದೊರೆಯದ್ದು. ಬಟ್ಟಲ ತಳಕ್ಕೆ ಬಂತು.

ಇದನ್ನು ಕುಂಚದಿಂದ ಕೈಯಲ್ಲೇ ಬರೆಯುತ್ತಾರೆ, ಕೋಬಾಲ್ಟ್ ನೀಲಿಯಲ್ಲಿ. ಹೊಳಪು ಹಚ್ಚುವ ಮೊದಲೇ ಬರೆದು ಆಮೇಲೆ ಸುಡುವುದರಿಂದ ಬಣ್ಣ ಹೊಳಪಿನ ಅಡಿಗೆ ಸೇರಿಕೊಳ್ಳುತ್ತದೆ. ಉಗುರಿನಿಂದ ಕೆರೆದರೂ ಸಿಗುವುದಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಕುಂಚ ಎಲ್ಲಿ ಊರಿತು, ಎಲ್ಲಿ ಎತ್ತಿತು ಅಂತ ಕಾಣುತ್ತದೆ, ಗೆರೆಯ ಒಂದು ತುದಿ ದಪ್ಪ, ಇನ್ನೊಂದು ಕೂದಲಿನಷ್ಟು ಸಣ್ಣ. ಹಿಡಿಗಳ ನಡುವೆ ಚುಕ್ಕಿ ಇದ್ದರೆ 1763ರ ನಂತರದ ಹತ್ತು ಹನ್ನೊಂದು ವರ್ಷದ ಮಾಲು, ನಕ್ಷತ್ರ ಇದ್ದರೆ 1774ರ ಆಚೆಯದು. ಕತ್ತಿಯ ಮೇಲೆ ಹೊಳಪು ಸೀಳುವಂತೆ ಗೀರು ಎಳೆದಿದ್ದರೆ ಖುಷಿ ಪಡಬೇಡಿ, ಕಾರ್ಖಾನೆಯವರೇ ಅದನ್ನು ಮೊದಲ ದರ್ಜೆಯಲ್ಲ ಅಂತ ಪಕ್ಕಕ್ಕಿಟ್ಟದ್ದು.

ನಕಲೂ ಜಾಸ್ತಿ. 18ನೇ ಶತಮಾನದಲ್ಲೇ ಇಂಗ್ಲೆಂಡಿನ ವುಸ್ಟರ್‌ನಲ್ಲಿ ಮಾಡಿದ ಸಾಮಾನಿನ ತಳದಲ್ಲೂ ನೀಲಿ ಅಡ್ಡ ಕತ್ತಿ ಸಿಗುತ್ತದೆ. ನಾನೂ ಒಮ್ಮೆ ಮೈಸೆನ್ ಅಂತ ಹಿಗ್ಗಿ ಒಂದು ತಟ್ಟೆ ತಂದೆ. ಮನೆಗೆ ಬಂದು ಒರೆಸಿದೆ, ಒಂದು ಕತ್ತಿ ಬಟ್ಟೆಗೆ ಬಂತು.

ಕೈಕತ್ತಿ ಬರೆದದ್ದು:

ಪಿಂಗಾಣಿಯವರೇ, ನಗು ತಡೆಯಲಾಗಲಿಲ್ಲ, ಕ್ಷಮಿಸಿ.

ಇವತ್ತು ಅಭ್ಯಾಸದ ನಂತರ ಇದನ್ನೆಲ್ಲ ಓದಿ ಹೇಳಿದೆ. ಶರಣಾಗತಿ ಅಂದವನು ಸಲ್ಯೂಟ್ ವಿಷಯ ಬಂದಾಗ ಸುಮ್ಮನಾದ. ಆದರೆ ಈಗ ಹೊಸ ತಲೆನೋವು. ಮುಂದಿನ ಕಂತಿನ ಬಿಲ್ಲೆಯಲ್ಲಿ ಕತ್ತಿಗಳ ನಡುವೆ ಒಂದು ತಲೆಬುರುಡೆ ಇರಲಿ ಅಂತ ಇಬ್ಬರು ಹಟ ಹಿಡಿದಿದ್ದಾರೆ. ಎದುರಾಳಿ ಹೆದರಬೇಕಂತೆ. ಇನ್ನೊಂದು ಪ್ರಶ್ನೆ: ಯಾವ ಕತ್ತಿ ಮೇಲೆ ಬರಬೇಕು, ಎಡದ್ದೋ ಬಲದ್ದೋ?

ಅರ್ಧ ಡಾಕ್ಟರ್ ಬರೆದದ್ದು:

ಬುರುಡೆ ಬೇಡ. ಯಾರೂ ಹೆದರುವುದಿಲ್ಲ. ವಿಷದ ಶೀಶೆಯ ಮೇಲೆ ಬುರುಡೆ ಮತ್ತು ಅಡ್ಡ ಮೂಳೆ ಹಾಕುವುದು ಗೊತ್ತಲ್ವಾ? ಅಮೆರಿಕದ ಪಿಟ್ಸ್‌ಬರ್ಗ್‌ನ ಮಕ್ಕಳ ಆಸ್ಪತ್ರೆಯವರಿಗೆ ಅದರ ಮೇಲೆ ನಂಬಿಕೆ ಹೋಯಿತು. ಮಕ್ಕಳಿಗೆ ಬುರುಡೆ ಅಂದ್ರೆ ಕಡಲ್ಗಳ್ಳರು, ಸಾಹಸ, ಮಜಾ. ಸಾಲದ್ದಕ್ಕೆ ಆ ಊರಿನ ಬೇಸ್‌ಬಾಲ್ ತಂಡದ ಹೆಸರೇ ಪೈರೇಟ್ಸ್. ಹಾಗಾಗಿ 1971ರಲ್ಲಿ ಅವರು ಹಸಿರು ಮುಖದ, ನಾಲಿಗೆ ಚಾಚಿ ವಾಕರಿಸುವ ‘ಮಿಸ್ಟರ್ ಯಕ್’ ಚಿತ್ರ ತಂದರು. ದೊಡ್ಡವರ ಲೋಕದಲ್ಲಿ, ಅಂದರೆ ರಾಸಾಯನಿಕಗಳ ಡಬ್ಬಿಯ ಮೇಲೆ, ಇವತ್ತಿಗೂ ಬುರುಡೆಯೇ ಕೂತಿದೆ.

ನಮ್ಮ ಕಸುಬಿನದ್ದೇ ಒಂದು ಎಡವಟ್ಟು ಹೇಳಿಬಿಡುತ್ತೇನೆ. ವೈದ್ಯಕೀಯದ ಗುರುತು ಒಂದು ಕೋಲು, ಅದಕ್ಕೆ ಸುತ್ತಿದ ಒಂದು ಹಾವು. ಗ್ರೀಕರ ವೈದ್ಯದೇವತೆ ಅಸ್ಕ್ಲೀಪಿಯಸ್‌ನದು. ವಿಶ್ವ ಆರೋಗ್ಯ ಸಂಸ್ಥೆಯ ಬಾವುಟದಲ್ಲಿ ಇರುವುದು ಅದೇ. ಎರಡು ಹಾವು, ಮೇಲೆ ರೆಕ್ಕೆ ಇದ್ದರೆ ಅದು ಹರ್ಮಿಸ್‌ನ ಕೋಲು. ಅವನು ಸುದ್ದಿ ಒಯ್ಯುವವನು, ವ್ಯಾಪಾರಿಗಳ ದೇವರು, ಕಳ್ಳರಿಗೂ ದೇವರು, ಸತ್ತವರನ್ನು ಪಾತಾಳಕ್ಕೆ ಬಿಟ್ಟು ಬರುವವನೂ ಅವನೇ! ಅಮೆರಿಕದ ಸೇನೆಯ ವೈದ್ಯ ದಳ 1902ರಲ್ಲಿ ಈ ಎರಡು ಹಾವಿನದ್ದನ್ನು ಹಾಕಿಕೊಂಡಿತು. ಅಲ್ಲಿಂದ ಎಷ್ಟೋ ಕಡೆ ಹಬ್ಬಿತು. ರೋಗಿಗೆ ತಿಳಿದರೆ ಕಷ್ಟ.

ಹಳೇ ನಕ್ಷೆ ಬರೆದದ್ದು:

ಮೇಲೆ ಯಾವುದು ಅನ್ನೋದು ಒಳ್ಳೇ ಪ್ರಶ್ನೆ. ಇದನ್ನು ಕೇಳುವವರು ಕಡಿಮೆ.

ಹೆರಾಲ್ಡ್ರಿಯಲ್ಲಿ ಬಲ ಅಂದರೆ ಗುರಾಣಿ ಹಿಡಿದವನ ಬಲ, ನೋಡುವವರಿಗೆ ಅದು ಎಡ. ಮೊದಲ ಮರ್ಯಾದೆ ಆ ಬದಿಗೆ. ಅದಕ್ಕೇ ನೋಡುವವರ ಎಡಮೇಲಿನಿಂದ ಬಲಕೆಳಗೆ ಇಳಿಯುವ ವಸ್ತುವನ್ನು ಮೇಲಿಡುವುದು ವಾಡಿಕೆ. ನೀವು ಹಾಗೇ ಇಡಿ, ತೊಂದರೆ ಇಲ್ಲ. ಆದರೆ ದೊಡ್ಡವರೂ ಇಂಥದ್ದನ್ನು ಬೇಕಾದಾಗ ಅದಲುಬದಲು ಮಾಡಿಕೊಳ್ಳುತ್ತಾರೆ. ಪೋಪರ ಲಾಂಛನದ ಅಡ್ಡ ಬೀಗದ ಕೈಗಳನ್ನು ನೋಡಿರಬಹುದು, ಒಂದು ಚಿನ್ನ, ಒಂದು ಬೆಳ್ಳಿ. ಪೀಠಕ್ಕೆ ಒಂದು ಲಾಂಛನ, ವ್ಯಾಟಿಕನ್ ಸಿಟಿ ಎಂಬ ದೇಶಕ್ಕೆ ಇನ್ನೊಂದು. ಎರಡರಲ್ಲೂ ಅದೇ ಕೀಲಿಗಳು, ಚಿನ್ನ ಬೆಳ್ಳಿ ಮಾತ್ರ ಜಾಗ ಬದಲಿಸಿವೆ.

ಇನ್ನೊಂದು ಕಿವಿಮಾತು, ಆಯುಧದ ಮಾದರಿ ಬಗ್ಗೆ. ಅಮೆರಿಕದ ಪದಾತಿ ದಳ 1875ರಲ್ಲಿ ಅಡ್ಡ ಬಂದೂಕಿನ ಗುರುತು ತಂದಿತು. ಬಂದೂಕು ಹೊಸದು ಬಂದ ಹಾಗೆಲ್ಲ ಗುರುತನ್ನೂ ಬದಲಿಸುವ ಫಜೀತಿ. ಕೊನೆಗೆ ಬೇಸತ್ತು 1795ರ ಹಳೇ ಮಾದರಿಯನ್ನೇ ಹಾಕಿ ಕೈ ತೊಳೆದುಕೊಂಡರು. ಅದು ಇನ್ನು ಹಳೆಯದಾಗಲು ಸಾಧ್ಯವೇ ಇಲ್ಲವಲ್ಲ! ಮೊಜಾಂಬಿಕ್ ದೇಶದವರದ್ದು ಉಲ್ಟಾ. ಅವರ ಬಾವುಟದಲ್ಲಿ ತೆರೆದ ಪುಸ್ತಕದ ಮೇಲೆ ಗುದ್ದಲಿಗೆ ಅಡ್ಡವಾಗಿ ಎಕೆ-47 ಇದೆ, ಬಯೊನೆಟ್ ಸಮೇತ. 1983ರಿಂದ ಹಾಗೇ ಇದೆ. ಬೇರೆ ಬಾವುಟ ಬೇಕು ಅಂತ 2005ರಲ್ಲಿ ಸ್ಪರ್ಧೆ ಇಟ್ಟರು, ಆದರೂ ಬದಲಾಗಲಿಲ್ಲ. ನಿಮ್ಮ ಫಾಯಿಲ್‌ಗೂ ಪಿಸ್ತೂಲು ಹಿಡಿ, ಫ್ರೆಂಚ್ ಹಿಡಿ ಅಂತ ಎರಡು ಬಗೆ ಇದೆಯಲ್ಲ, ಬಿಲ್ಲೆಯಲ್ಲಿ ಫ್ರೆಂಚ್ ಹಿಡಿಯೇ ಇರಲಿ. ಪಿಸ್ತೂಲು ಹಿಡಿ ಸಣ್ಣದಾಗಿ ಹೊಲಿದರೆ ಮುರಿದ ಬಾಚಣಿಗೆ ಹಾಗೆ ಕಾಣುತ್ತದೆ.

ಹೌದು, ‘ಅಡ್ಡ ಮಲಗಿಸಿದರೆ ಸಂಧಿ’ ಅಂದಿದ್ದರಲ್ಲ ನಿಮ್ಮ ಗೆಳೆಯ, ಅದಕ್ಕೆ ಒಂದು ಕಡೆ ನಿಜವಾಗಿ ಆಧಾರ ಇದೆ. ದಕ್ಷಿಣ ಆಫ್ರಿಕಾ 2000ದಲ್ಲಿ ತಂದ ಲಾಂಛನದಲ್ಲಿ ಈಟಿ ಮತ್ತು ದೊಣ್ಣೆಯನ್ನು ಮಲಗಿಸಿಯೇ ಇಟ್ಟಿದ್ದಾರೆ, ಶಾಂತಿಯ ಗುರುತು ಅಂತ ಅವರೇ ಹೇಳಿದ್ದಾರೆ. ಅಮೆರಿಕದ ಅಧ್ಯಕ್ಷರ ಮುದ್ರೆಯಲ್ಲೂ ಹದ್ದಿನ ಒಂದು ಕಾಲಲ್ಲಿ ಬಾಣಗಳು, ಇನ್ನೊಂದರಲ್ಲಿ ಆಲಿವ್ ಕೊಂಬೆ. 1945ರಲ್ಲಿ ಟ್ರೂಮನ್ ಹದ್ದಿನ ತಲೆಯನ್ನು ಬಾಣದ ಕಡೆಯಿಂದ ಕೊಂಬೆಯ ಕಡೆ ತಿರುಗಿಸಿದರು. ಹಾಗೆ ಬಾಯಿಬಿಟ್ಟು ಹೇಳಿದರೆ ಆ ಗುರುತಿಗೆ ಆ ಅರ್ಥ. ನೀವೂ ಹೇಳಿಬಿಡಿ, ನಮ್ಮದು ಸಲ್ಯೂಟ್ ಇಳಿಸಿದ ಕತ್ತಿ ಅಂತ.

ಕೈಕತ್ತಿ ಬರೆದದ್ದು:

ಬುರುಡೆ ಬಿಟ್ಟಾಯಿತು. ವಾಕರಿಸುವ ಹಸಿರು ಮುಖ ಹಾಕೋಣ ಅಂತ ಅದೇ ಇಬ್ಬರು ಈಗ ಹೇಳುತ್ತಿದ್ದಾರೆ, ಅದನ್ನೂ ಬಿಡಿಸಬೇಕು.

ನಲವತ್ತು ಬಿಲ್ಲೆ ಹಂಚಿದೆ. ಭೂತಗನ್ನಡಿ ಮಾತು ಓದಿ ನಾನೂ ಒಂದನ್ನು ಹತ್ತಿರ ಹಿಡಿದು ನೋಡಿದೆ. ಎಡದ ಕತ್ತಿ ಮೇಲೆ, ಬಲದ್ದು ಅಡಿಯಲ್ಲಿ, ಎಲ್ಲ ಸರಿ ಇದೆ. ಆದರೆ ಹೊಲಿಗೆಯವರು ಕತ್ತಿಯ ತುದಿಯಲ್ಲಿರುವ ಗುಂಡಿಯನ್ನು ಬಿಟ್ಟುಬಿಟ್ಟಿದ್ದಾರೆ. ಫಾಯಿಲ್‌ಗೆ ಆ ಗುಂಡಿ ಇಲ್ಲದಿದ್ದರೆ ಪಂದ್ಯಕ್ಕೇ ಬಿಡುವುದಿಲ್ಲ. ಯಾರೂ ಇನ್ನೂ ನೋಡಿಲ್ಲ, ನಾನೂ ಹೇಳಿಲ್ಲ.